ಬೇಲಿಯೊಳಗಿನ ಐದು ಕಾಳು

ಇಂದ್ರಮ್ಮ ಒಂದು ದಿನವೂ ತಪ್ಪಿಸದ ಕೆಲಸವೊಂದಿದೆ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡ ಕೂಡಲೇ ಗೂಡಿನಲ್ಲಿರುವ ಡಬ್ಬಿಯಿಂದ ಐದು ಕಡಲೆಕಾಯಿ ಬೀಜ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ವಳ್ಳೂರಿನಿಂದ ಸೋಲಾರ್ ಪಾರ್ಕಿನ ಗೇಟಿಗೆ ಹೋಗುವ ದಾರಿಯಲ್ಲಿ ಹುಣಸೆಮರ ದಾಟಿದ ಮೇಲೆ ಒಂದು ಕಡೆ ನಿಲ್ಲುತ್ತಾಳೆ. ತಂತಿಬೇಲಿಯ ಕಿಂಡಿಯೊಳಗೆ ಬೆರಳು ತೂರಿಸಿ ಒಂದೊಂದೇ ಬೀಜವನ್ನು ಒಳಗಿನ ಮಣ್ಣಿಗೆ ಬಿಡುತ್ತಾಳೆ. ನ, ಮಃ, ಶಿ, ವಾ, ಯ. ಅಕ್ಷರಕ್ಕೊಂದು ಕಾಳು.

ಬೇಲಿಯೊಳಗಿನ ಆ ಮೂರೆಕರೆ ಹತ್ತು ಗುಂಟೆ ಇಂದ್ರಮ್ಮನದೇ. ಈಗ ಅಲ್ಲಿ ಉದ್ದುದ್ದ ಸಾಲಾಗಿ ನೀಲಿ ಪ್ಯಾನೆಲ್‌ಗಳು ನಿಂತಿವೆ.

ಪಾರ್ಕಿನಲ್ಲಿ ಅವಳ ಜೊತೆ ಕೂಲಿಗೆ ಪ್ಯಾನೆಲ್ ಒರೆಸುವ ಸಣ್ಣಕ್ಕ ಸುಮ್ಮನಿರುವವಳಲ್ಲ. "ನೀನು ಹಾಕಿದ್ದೆಲ್ಲ ಅಳಿಲು ತಿಂತದೆ ಕಣಮ್ಮ. ಅದ್ರ ಮೊಮ್ಮಗಳಿಗೆ ನಿನ್ನೆಸ್ರೇ ಇಟ್ಟಿರ್ತದೆ ನೋಡು, ಇಂದ್ರಮ್ಮ ಅಂತ."

"ಇಟ್ಕಳ್ಲಿ ಬುಡು. ಇಷ್ಟು ವರ್ಷ ಭೂಮ್ತಾಯಿ ನಮಗೆ ಉಣ್ಣಾಕಿಕ್ಕವ್ಳೆ. ಈಗ ಅವ್ಳು ಬರೀ ಹೊಟ್ಟೇಲಿ ಮಲಗ್ಬೇಕಾ?"

ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟವನು ಗಂಡ ನಾಗಲಿಂಗಯ್ಯ. ಪಕ್ಕದ ಊರು ಕ್ಯಾತಗಾನಚೆರ್ಲುವಿನಲ್ಲಿದ್ದ ಅವನ ನೆಂಟರು ಅರ್ಧ ಎಕರೆಯನ್ನಾದರೂ ಉಳಿಸಿಕೊಂಡಿದ್ದರು. ನಾಗಲಿಂಗಯ್ಯ ಒಪ್ಪಲಿಲ್ಲ. ಹಿರಿಯರು ಒಂದೇ ಹೊಲವೆಂದು ಪೂಜೆ ಮಾಡಿಕೊಂಡು ಬಂದದ್ದು; ಅದನ್ನು ತುಂಡು ಮಾಡಿದರೆ ಮನೆ ತುಂಡಾಗುತ್ತದೆ ಎಂಬುದು ಅವರ ಮನೆತನದ ನಂಬಿಕೆ. "ಹಸು ಕೊಡುವಾಗ ಕಾಲೊಂದು ಇಟ್ಕಂತಾರೇನೇ?" ಎಂದು ನಕ್ಕು ಪೂರ್ತಿಗೆ ಸಹಿ ಹಾಕಿದ. ಇಂದ್ರಮ್ಮನೂ ಸರಿಯೆಂದಳು. ಮೂರನೆಯ ವರ್ಷ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ.

ಉಳಿದವಳು ಮಗಳು ಲೋಹಿತಾ. ಅವಳಿಗೆ ಹತ್ತು ವರ್ಷವಿದ್ದಾಗ ಮನೆಯ ಹಸು ಕರು ಹಾಕಲಾರದೆ ಒದ್ದಾಡಿತು. ಪಶುವೈದ್ಯರು ಇನ್ನೊಂದು ಹೋಬಳಿಗೆ ಹೋಗಿದ್ದರು; ಅವರು ಬರುವಷ್ಟರಲ್ಲಿ ಹಸುವೂ ಇರಲಿಲ್ಲ, ಕರುವೂ ಇರಲಿಲ್ಲ. ಲೋಹಿತಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನಾನೇ ಡಾಕ್ಟ್ರು ಆಗ್ತೀನಮ್ಮ, ದನದ ಡಾಕ್ಟ್ರು" ಎಂದಳು. ಮಕ್ಕಳು ಹಾಗೆ ಹೇಳಿ ಮರೆಯುತ್ತಾರೆ. ಅವಳು ಮರೆಯಲಿಲ್ಲ.

ಪಾವಗಡದಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆದಳು. ಬಯಾಲಜಿ ಚೆನ್ನಾಗಿಯೇ ಆಯಿತು. ಫಿಸಿಕ್ಸ್‌ನಲ್ಲಿ ಹತ್ತು ಹನ್ನೆರಡು ಅಂಕ ಕೈಕೊಟ್ಟವು. ಅಷ್ಟಕ್ಕೇ ರ್‍ಯಾಂಕು ಸಾವಿರಾರು ಮಂದಿಯ ಹಿಂದೆ ಹೋಗಿ ನಿಂತಿತು. ಸಾಮಾನ್ಯ ಪಟ್ಟಿಯಲ್ಲಿ ಆ ರ್‍ಯಾಂಕಿಗೆ ಪಶುವೈದ್ಯಕೀಯ ಸೀಟಿನ ಆಸೆಯೇ ಇರಲಿಲ್ಲ. ಆದರೆ ರೈತರ ಮಕ್ಕಳಿಗೆಂದು ಬೇರೆ ಸೀಟುಗಳಿದ್ದವು. ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆ: ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನೆಂದು ಕೇಳುತ್ತಾರೆ. ಅಲ್ಲಿ ಬಂದ ಅಂಕವೂ ಸೇರಿದರೆ ಸೀಟು ಕೈಗೆಟುಕುವಷ್ಟು ಹತ್ತಿರವಿತ್ತು.

ಆ ಪರೀಕ್ಷೆಗೆಂದು ಹದಿನೈದು ದಿನ ಇಂದ್ರಮ್ಮನೇ ಮೇಷ್ಟ್ರು. ಊರಲ್ಲೆಲ್ಲ ಬೇಡಿ ತಂದ ಕಾಳುಗಳನ್ನು ಮೊರದ ಮೇಲೆ ಹರಡಿ ಕೂರಿಸುತ್ತಿದ್ದಳು. "ಇದ್ಯಾವ್ದು?" "ನವಣೆ." "ಅದು?" "ಸಾಮೆ." "ತೆಗಿ, ಹಾರಕ ಅದು. ಮುಟ್ಟಿ ನೋಡು, ಕಣ್ಣು ಮೋಸ ಮಾಡ್ತದೆ." ಕೊನೆಕೊನೆಗೆ ಲೋಹಿತಾ ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲೇ ಹೇಳತೊಡಗಿದಳು. ಗಂಡ ಹೋದಮೇಲೆ ಆ ಮನೆಯಲ್ಲಿ ಅಷ್ಟೊಂದು ನಗು ಕೇಳಿಸಿದ್ದು ಅದೇ ಮೊದಲು.

ಪರೀಕ್ಷೆಗೆ ಕೂರಲು ಕೃಷಿಕರ ಸರ್ಟಿಫಿಕೇಟು ಬೇಕಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರು ಪಹಣಿ ತೆಗೆದು ಬೆಳೆಯ ಕಾಲಂ ಮೇಲೆ ಪೆನ್ನಿಟ್ಟರು. ಅದು ಖಾಲಿಯಿತ್ತು.

"ಬೆಳೆ ಎಲ್ಲಮ್ಮಾ? ಗುತ್ತಿಗೆ ದುಡ್ಡು ಬರುತ್ತೆ ಸರಿ. ಅದು ಬಾಡಿಗೆ ಆಯ್ತು. ವ್ಯವಸಾಯ ಹೆಂಗಾಗುತ್ತೆ?"

"ಭೂಮಿ ನಮ್ದೇ ಅಲ್ವಾ ಸ್ವಾಮಿ?"

"ನಿಮ್ದೇ. ಇಲ್ಲ ಅಂದೋರ್‍ಯಾರು?"

ತಾಯಿಮಗಳು ಬಸ್ಸಿನಲ್ಲಿ ಹಿಂದಿರುಗಿದರು. ಊರು ಹತ್ತಿರ ಬಂದಾಗ ಲೋಹಿತಾ ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು: "ಅಪ್ಪ ಅರ್ಧ ಎಕ್ರೆ ಯಾಕಮ್ಮ ಇಟ್ಕಳ್ಲಿಲ್ಲ?" ಸತ್ತವನ ಮೇಲೆ ತಪ್ಪು ಹೊರಿಸಲು ಇಂದ್ರಮ್ಮನಿಗೆ ಮನಸ್ಸು ಬರಲಿಲ್ಲ. ಸರಿಯೆಂದು ತಲೆಯಾಡಿಸಿದವಳು ತಾನೂ ಅಲ್ಲವೇ!

ಎರಡು ದಿನ ಕಳೆದು ಊರಿನ ಪಹಣಿ, ಬೆಳೆ ಲೆಕ್ಕ ನೋಡಿಕೊಳ್ಳುವ ರೇಣುಕಯ್ಯನವರು ಬೈಕು ನಿಲ್ಲಿಸಿ ಮನೆಗೆ ಬಂದರು. ನಾಗಲಿಂಗಯ್ಯನನ್ನು ಬಲ್ಲವರು, ಮೃದು ಮನುಷ್ಯ. "ಇಬ್ರೂ ಬನ್ನಿ, ಒಂದು ತೋರಿಸ್ತೀನಿ" ಎಂದು ಬೇಲಿಯ ಹತ್ತಿರ ಕರೆದುಕೊಂಡು ಹೋದರು.

ಅದು ಇಂದ್ರಮ್ಮ ದಿನಾ ನಿಲ್ಲುವ ಜಾಗವೇ. ರೋಹಿಣಿ ಮಳೆ ಈ ಸಲ ಹದವಾಗಿ ಬಿದ್ದಿತ್ತು. ಅಳಿಲಿಗೂ ಇರುವೆಗೂ ಸಿಕ್ಕದೆ ಉಳಿದ ಕಾಳುಗಳು ಬೇಲಿಯೊಳಗೆ ಮೊಳೆತು, ಒಂದು ಚಾಪೆಯಗಲ ಕಡಲೆಕಾಯಿ ಗಿಡ ಹಸಿರಾಗಿ ಹಬ್ಬಿತ್ತು. ಒಂದೆರಡು ಹಳದಿ ಹೂವು ಕೂಡ ಬಿಟ್ಟಿತ್ತು. ಆ ಪ್ಯಾನೆಲ್ ಸಾಲಿನ ಕಳೆಯ ಜೊತೆ ಈ ಗಿಡಗಳನ್ನೂ ಕೀಳುವ ಸರದಿ ಬರುವ ಸೋಮವಾರ. ಕೀಳುವವರು ಇಂದ್ರಮ್ಮ, ಸಣ್ಣಕ್ಕ ಇಬ್ಬರೇ.

"ಇದು ನಿಮ್ಮ ಸರ್ವೆ ನಂಬರಲ್ಲೇ ಐತೆ," ಎಂದರು ರೇಣುಕಯ್ಯ, ಫೋನು ಹೊರತೆಗೆದು. "ಬೆಳೆ ಸಮೀಕ್ಷೆ ನಡೀತಾ ಐತೆ. ಹತ್ರದಿಂದ ಒಂದು ಫೋಟೋ ತೆಗ್ದು ಹಾಕ್ತೀನಿ, ಪ್ಯಾನೆಲ್ ಕಂಬ ಕಾಣ್ದಂಗೆ. ಪಹಣೀಲಿ ಕಡಲೆಕಾಯಿ ಅಂತ ಬರ್‍ತದೆ. ಸರ್ಟಿಫಿಕೇಟು ತಡೆಯೋರಿರಲ್ಲ. ನನಗೇನೂ ಬ್ಯಾಡ ಕಣಮ್ಮ. ನಾಗಲಿಂಗಯ್ಯನ ಮಗಳು, ಓದ್ಲಿ ಅಂತ ಅಷ್ಟೆ. ನೀನು ಹೂಂ ಅನ್ನು."

ಲೋಹಿತಾ ತಾಯಿಯ ಕೈ ಹಿಡಿದುಕೊಂಡಳು. "ಹೂಂ ಅನ್ನಮ್ಮ. ಗಿಡ ಇರೋದೇನು ಸುಳ್ಳಾ?"

ಇಂದ್ರಮ್ಮ ಗಿಡಗಳನ್ನೇ ನೋಡುತ್ತಾ ನಿಂತಳು. ಹೂಂ ಎಂಬುದು ನಾಲಿಗೆಯವರೆಗೂ ಬಂದಿತ್ತು. ದನದ ಡಾಕ್ಟರ ಬಿಳಿ ಕೋಟು ತೊಟ್ಟ ಮಗಳು ಕಣ್ಣಮುಂದೆಯೇ ನಿಂತಿದ್ದಳು. ಇದು ಶಿವನೇ ಕೊಟ್ಟ ದಾರಿಯಿರಬಹುದೇ ಎಂದೂ ಒಂದು ಕ್ಷಣ ಅನ್ನಿಸಿತು. ಆಮೇಲೆ ಒಂದೊಂದೇ ಕಾಳು ಬಿಡುವಾಗ ತಾನು ಹೇಳಿಕೊಂಡ ಅಕ್ಷರಗಳು ನೆನಪಾದವು. ಅಷ್ಟು ದಿನದಲ್ಲಿ ಒಮ್ಮೆಯೂ ಅವಳು ಏನನ್ನೂ ಬೇಡಿರಲಿಲ್ಲ.

"ಗಿಡ ಸುಳ್ಳಲ್ಲ ಕಣವ್ವ," ಎಂದಳು ಮಗಳಿಗೆ. "ನಾವು ಬೆಳೆ ಇಟ್ಟೀವಿ ಅಂದ್ರೆ ಅದು ಸುಳ್ಳು. ಇದು ಭೂಮ್ತಾಯಿಗೆ ಇಕ್ಕಿದ ತುತ್ತು. ಇಕ್ಕಿದ ತುತ್ತನ್ನ ಅವ್ಳ ಬಾಯಿಂದ ಕಿತ್ಕಂಡು ಸಾಕ್ಷಿಗೆ ನಿಲ್ಲಿಸ್ಲಾ? ಅಲ್ಲಿ ಎಲ್ಲೋ ಯಾವ ತಾಯಿ ಮಗೂನೋ ಬಿಸಿಲಲ್ಲಿ ಕಳೆ ಕಿತ್ತು ಬಂದು ಸಾಲಲ್ಲಿ ನಿಂತಿರ್‍ತದೆ. ಅದ್ರ ಸೀಟು ನಿಂಗೆ ದಕ್ಕಾಕಿಲ್ಲ."

"ಕಣ್ಮುಚ್ಕಂಡು ಹಾರಕ ಅಂತ ಹೇಳೋಳಿಗೆ ದಕ್ಕಾಕಿಲ್ವಾ?" ಎಂದಳು ಲೋಹಿತಾ. ಹಿಡಿದಿದ್ದ ಕೈ ನಿಧಾನವಾಗಿ ಜಾರಿತು.

ರೇಣುಕಯ್ಯನವರು ಫೋನು ಹಿಡಿದು ಇನ್ನೂ ಬಗ್ಗಿಕೊಂಡೇ ಇದ್ದರು. ಇಂದ್ರಮ್ಮ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಅವರಿಗೂ ಗಿಡಕ್ಕೂ ನಡುವೆ ಬಂದು ನಿಂತಳು.

"ನಮ್ಮ ಹುಡುಗಿ ಓದ್ಲಿ ಅಂತ ಬಂದ್ರಲ್ಲ ಸ್ವಾಮಿ, ಅದೇ ದೊಡ್ಡದು," ಎಂದಳು. "ಫೋನು ಒಳೀಕಿಟ್ಕಳಿ. ನಮಗೆ ಬ್ಯಾಡ."