ಚಾವಡಿಯ ಭೋಂಗಾ ಊದಿಸಿದ ಬಳೆಗಾರ್ತಿ

ಎಳೆಯ ಮಣಿಕಟ್ಟು ನೋಯದಂತೆ ಬಿಗಿ ಬಳೆಯನ್ನೂ ಏರಿಸಬಲ್ಲ ಹದವಾದ ಕೈಯುಳ್ಳವರು. ಬಸುರಿ ಹೆಣ್ಣುಮಗಳಿಗೆ ಹಸಿರು ಬಳೆ ತೊಡಿಸುವಾಗ ತಮ್ಮ ಪಾಲಿನದೊಂದನ್ನು ಕೂಡಿಸಿ ಹರಸುವವರು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸದವರು. ನಮಾಜಿನ ಹೊತ್ತನ್ನೂ ನಗೆಯ ಹೊತ್ತನ್ನೂ ತಪ್ಪಿಸದವರು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಓಣಿಗಳಲ್ಲಿ ನೆಲ ನೋಡಿ ನಡೆದದ್ದಕ್ಕಿಂತ ಮಾಳಿಗೆ ನೋಡಿ ನಡೆದದ್ದೇ ಹೆಚ್ಚಾದವರು. ಇವರೇ ಬಳೆಗಾರ್ತಿ ಮೈಮುನಾಬಿ.

ಮಾಳಿಗೆ ನೋಡುವುದಕ್ಕೆ ಕಾರಣವುಂಟು. ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ, ಅಂದರೆ ಸೈರನ್ನು, ಕೂಗಿದಾಗ ಎದ್ದು, ಕೂಗಿದಾಗ ಉಂಡು ಬೆಳೆದ ಜೀವವದು. ಇಡೀ ಊರನ್ನು ಒಂದೇ ಉಸಿರಿನಲ್ಲಿ ಕರೆಯುವ ಆ ದನಿಯ ಮೋಹ ಅವರನ್ನು ಬಿಡಲೇ ಇಲ್ಲ. ನೀರಿನ ಟಾಕಿಯ ನೆತ್ತಿಯಲ್ಲೋ ಮುಚ್ಚಿದ ಕಾರಖಾನೆಯ ತಗಡಿನ ಮೇಲೋ ತುಕ್ಕು ಹಿಡಿದು ಕುಳಿತ ಹಳೆಯ ಭೋಂಗಾ ಕಂಡರೆ ಸಾಕು, ಗಾಡಿ ನಿಲ್ಲಬೇಕು. ಗಾಡಿ ನಡೆಸುವ ಪತಿ ಬಂದಗಿಸಾಬರು ಕೆಣಕುವರು:

“ಬಳಿ ಮಾರಾಕ ಬಂದೀಯೋ, ಕಾಗಿ ಗೂಡು ನೋಡಾಕ ಬಂದೀಯೋ?”

“ಕಾಗೀನ ಕಟಗೊಂಡಮ್ಯಾಲೆ ಗೂಡು ನೋಡದ ಏನ್ ನೋಡ್ಲಿರಿ?”

ಕಳೆದ ಬೇಸಿಗೆಯಲ್ಲಿ ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ಹಳೆಯ ಚಾವಡಿಯನ್ನು ಕೆಡವುತ್ತಿದ್ದರು. ಅದರ ಮೇಲಿದ್ದ, ಹಿಂದೆಲ್ಲ ಹೊಳೆ ಏರಿದಾಗ ಕೈಯಿಂದ ತಿರುವಿ ಊದುತ್ತಿದ್ದ ಭೋಂಗಾ ಕೆಳಗಿಳಿದು ಗುಜರಿಯವನಿಗಾಗಿ ಕಾದಿತ್ತು. ಮೈಮುನಾಬಿಯವರು ಬಳೆಯ ಗಂಟನ್ನು ಅದರ ಪಕ್ಕಕ್ಕೇ ಇಳಿಸಿ ಕುಳಿತುಬಿಟ್ಟರು.

“ಇದನ್ನ ಕೊಡಬ್ಯಾಡ್ರಿ ಕಾಕಾ. ಮಳಿಗಾಲದಾಗ ಕರೆಂಟ್ ಹೋಗಿ ಮೊಬೈಲ್ ಸತ್ತಾಗ ಊರಿಗೆ ಯಾರು ಹೇಳ್ತಾರ?”

ಪಂಚಾಯಿತಿಯ ಹಿರಿಯರಾದ ಮಾಲಿಂಗಪ್ಪನವರು ನಕ್ಕರು. “ಊದಿ ತೋರಸವಾ. ಊದಿದ್ರ ಇಲ್ಲೇ ಇರತೈತಿ. ಇಲ್ಲಂದ್ರ ಸಂಜೀಕ ಗುಜರಿಗೆ.”

ಹಿಡಿಕೆ ಅಲುಗಲಿಲ್ಲ. ಮೈಮುನಾಬಿಯವರು ಬಿಗಿ ಬಳೆ ಏರಿಸಲೆಂದು ಇಟ್ಟುಕೊಂಡಿದ್ದ ಕೊಬ್ಬರಿ ಎಣ್ಣೆಯನ್ನೆಲ್ಲ ಅಚ್ಚಿಗೆ ಸುರಿದು, ಹಟಮಾರಿ ಮುಂಗೈಯನ್ನು ನೀವುವಂತೆ ನೀವಿದರು. ಬಂದಗಿಸಾಬರು ಬಲ ಹಾಕಿ ತಿರುವಿದರು. ಭೋಂಗಾ ಒಮ್ಮೆ ಕೆಮ್ಮಿತು. ಮರುಕ್ಷಣವೇ ಅದರ ಬಾಯಿಂದ ಹಳದಿಯ ಮೋಡವೊಂದು ಹೊಮ್ಮಿತು. ದೇವರ ಪಲ್ಲಕ್ಕಿ ಚಾವಡಿಯ ಕೆಳಗೆ ಸಾಗುವಾಗ ಭಕ್ತರು ಮೇಲಕ್ಕೆ ತೂರಿದ ಭಂಡಾರದ ಅರಿಸಿನವು ವರುಷಗಳಿಂದ ಆ ಕೊಳವೆಯಲ್ಲಿ ತುಂಬಿಕೊಂಡಿತ್ತು. ಮಾಲಿಂಗಪ್ಪನವರ ಬಿಳಿಯ ಟೋಪಿ, ಬಂದಗಿಸಾಬರ ಗಡ್ಡ, ಎಲ್ಲವೂ ಹೊನ್ನಾದವು. ಗಂಟಲು ತೆರವಾದ ಭೋಂಗಾ ಊರೆಲ್ಲ ನಡುಗುವಂತೆ ದನಿಯೆತ್ತಿತು.

ಅಷ್ಟರಲ್ಲಿ ಹೊಳೆಯ ಓಣಿಯಿಂದ ಮುದುಕಿ ಪಾರವ್ವ ಎಮ್ಮೆಯನ್ನು ಎಳೆದುಕೊಂಡು ದಿನ್ನೆಯೇರಿ ಬಂದಳು.

“ಹೊಳಿ ಎಲ್ಲೀತನ ಬಂತೋ, ಮಾಲಿಂಗ?”

“ಹೊಳಿ ಬಂದಿಲ್ಲಬೇ. ಬರೇ ಪರೀಕ್ಷಾ.”

“ಪರೀಕ್ಷಾ ಮಾಡಾಕ ನನ್ನ ಎಮ್ಮೀನ ಬೇಕಾಗಿತ್ತೇನ? ಹಾಲು ಕರಿಯೋದು ಬಿಟ್ಟು ಬಂದೇನಿ.”

ಮುಖದ ಭಂಡಾರವನ್ನು ಒರೆಸುವುದು ಆ ಊರಿನ ರೂಢಿಯಲ್ಲ. ಮಾಲಿಂಗಪ್ಪನವರು ಹಾಗೆಯೇ ನಿಂತು, ಪಾರವ್ವನನ್ನೂ ಎಮ್ಮೆಯನ್ನೂ ನೋಡಿ, “ಕರದ ಕೂಡ್ಲೆ ಎಮ್ಮೀ ಸುದ್ದಾ ದಿನ್ನಿ ಏರೈತಿ. ಮ್ಯಾಲೆ ದೇವರ ಭಂಡಾರ ತಾನಾಗೇ ಮೈಮ್ಯಾಲೆ ಬಿದ್ದೈತಿ. ಇನ್ನ ಇದು ಗುಜರಿಗೆ ಹೋಗಂಗಿಲ್ಲ” ಎಂದರು.

ಮಳೆಗೆ ಮುನ್ನ ಭೋಂಗಾ ಪಂಚಾಯಿತಿಯ ಹೊಸ ಕಟ್ಟಡದ ನೆತ್ತಿಯೇರಿತು. ಮೈಮುನಾಬಿಯವರು ಪಾರವ್ವನ ಎರಡೂ ಕೈಗೆ ಬಳೆ ತೊಡಿಸಿ ಸಿಟ್ಟಿಳಿಸಿದರು.

ಊರ ಕಾಯುವ ದನಿಯನ್ನು ಕಾಯ್ದ ಈ ತಾಯಿಯ ಬಳೆಯ ಗಂಟು ಎಂದಿಗೂ ತೆಳುವಾಗದಿರಲಿ. ಬಂದಗಿಸಾಬರ ತೋಳಿನ ಬಲವೂ ನಾಲಗೆಯ ಹಾಸ್ಯವೂ ಕುಂದದಿರಲಿ. ಅವರ ಮನೆಯಂಗಳಕ್ಕೆ ಒಳಿತಿನ ಕರೆಗಳಷ್ಟೇ ಕೇಳಿಬರಲಿ. ಸರ್ವರನ್ನೂ ಪೊರೆವ ಭಗವಂತನು ಆ ಮನೆತನವನ್ನು ನೂರ್ಕಾಲ ತಣ್ಣಗಿಟ್ಟಿರಲಿ.