ಯುಗಾದಿವರೆಗಿನ ಕ್ರಿಸ್ಮಸ್

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರ ಮನೆಗೆ ಮಠದ ಸಮಿತಿಯ ಕರಬಸಪ್ಪ ಬಂದು ಕುಳಿತಿದ್ದರು. ಮನೆಯೊಡತಿ ದ್ರಾಕ್ಷಾಯಿಣಿ ಚಹಾದ ಟ್ರೇ ಹಿಡಿದು ಅಡಿಗೆಮನೆಯಿಂದ ಬಂದಳು. ಅವಳ ಹಿಂದೆ ಒಂದು ಗಿಡವೂ ಬಂತು.

ನಾಲ್ಕು ಅಡಿ ಎತ್ತರದ ಪ್ಲಾಸ್ಟಿಕ್ ಕ್ರಿಸ್ಮಸ್ ಗಿಡ. ಅಲಂಕಾರ ಮಾಡುತ್ತಿದ್ದಾಗ ಸೆರಗಿನ ಜರಿ ಕೊಂಬೆಗೆ ಸಿಕ್ಕಿಕೊಂಡದ್ದು ಅವಳಿಗೆ ಗೊತ್ತಾಗಿರಲಿಲ್ಲ. ಗಿಡ ತನ್ನ ಮೂರು ಕಾಲುಗಳನ್ನು ಎಳೆಯುತ್ತ, ಬಳೆ ಗೆಜ್ಜೆ ಕುಲುಕಿಸುತ್ತ, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಹಿಂಬಾಲಿಸಿತು. ಸೀರಿಯಲ್ ಲೈಟಿನ ವೈರು ಎಲ್ಲಿಯವರೆಗೆ ಬರಬಹುದೋ ಅಲ್ಲಿಯವರೆಗೆ ಬಂದು, ಚಟ್ ಎಂದು ಕಿಡಿ ಹಾರಿ, ಇಡೀ ಮನೆಯ ಕರೆಂಟು ಹೋಯಿತು. ಒಳಗಿನ ಕೋಣೆಯಲ್ಲಿ ಧಾರಾವಾಹಿ ನೋಡುತ್ತಿದ್ದ ಅತ್ತೆ ಗದಿಗೆವ್ವ, “ಯಾರಬೇ ಅದು, ಈಗರ ಆಕಿಗೆ ನೆನಪು ವಾಪಸ್ ಬರಾಕತ್ತಿತ್ತು!” ಎಂದು ಕೂಗಿದಳು.

ಕರಬಸಪ್ಪ ಕಪ್ಪು ಎತ್ತಿಕೊಳ್ಳುವುದನ್ನು ಮರೆತು ನೋಡಿದರು. “ಅಕ್ಕಾರ, ನಿಮ್ಮ ಹಿಂದ ಯಾರೋ ಬಂದಾರ ನೋಡ್ರಿ.”

ದ್ರಾಕ್ಷಾಯಿಣಿ ತಿರುಗಿದಳು. ಗಿಡವೂ ತಿರುಗಿತು.

“ಬರ್ಲಿ ಬಿಡ್ರಿ,” ಎಂದಳು ಅವಳು. “ಅದೂ ಮನೀದ. ನೀವು ಚಹಾ ತಗೋರಿ.”

ಕರಬಸಪ್ಪ ಬಂದದ್ದು ಚಹಾಕ್ಕಲ್ಲ. ಡಿಸೆಂಬರ್ ಕೊನೆಯ ವಾರ ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜನವರು, ಬ್ಯಾಡಗಿಗೆ ಬರುವವರಿದ್ದರು. ಈ ಸಲ ಅವರ ಪಾದಪೂಜೆ ಪ್ರಭುಲಿಂಗಪ್ಪನವರ ಮನೆಯಲ್ಲಿ ಆಗಲಿ ಎಂದು ಸಮಿತಿಯಲ್ಲಿ ಮಾತಾಗಿತ್ತು. ಪ್ರಭುಲಿಂಗಪ್ಪನವರ ತಂದೆ ಇದೇ ಆಸೆ ಇಟ್ಟುಕೊಂಡು ತೀರಿಕೊಂಡಿದ್ದರು. ಗದಿಗೆವ್ವ ಎಂಬತ್ತು ದಾಟಿದ್ದಳು. ಅಜ್ಜನವರು ಒಮ್ಮೆ ಹೊಸ್ತಿಲು ದಾಟಿ ಒಳಗೆ ಬಂದರೆ ತಾನು ನಿಶ್ಚಿಂತೆಯಿಂದ ಹೊಸ್ತಿಲು ದಾಟಿ ಹೊರಗೆ ಹೋಗುತ್ತೇನೆಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪ್ರತಿ ವರ್ಷ ಅಜ್ಜನವರು ಇವರ ಬೀದಿಯವರೆಗೆ ಬಂದು ಬೇರೆಯವರ ಮನೆಗೆ ಹೋಗುತ್ತಿದ್ದರು.

“ಸಾವ್ಕಾರ್ರ,” ಕರಬಸಪ್ಪ ಪಕ್ಕದಲ್ಲಿದ್ದ ಪ್ರಭುಲಿಂಗಪ್ಪನವರತ್ತ ಬಾಗಿ ದನಿ ತಗ್ಗಿಸಿದರು, “ಇವು ಎಷ್ಟು ಅದಾವು?”

“ಏಳು.”

“ಏಳು ಕಿರಿಸ್ಮಸ್ ಗಿಡ ಇದ್ದ ಮನ್ಯಾಗ ಅಜ್ಜಾರನ್ನ ಕುಂದ್ರಸೂದು ಹೆಂಗ್ರಿ? ನಾಳೆ ಮಂದಿ ನನ್ನ ಹಿಡಕೊಂಡು ಕೇಳ್ತಾರ. ಗಿಡ ಹೋದ್ರ ಅಜ್ಜಾರು ಬರ್ತಾರ. ಇಲ್ಲಾಂದ್ರ ಮೋಟೆಬೆನ್ನೂರಾಗ ನಮ್ಮ ಬೀಗರ ಮನಿ ಐತಿ. ಅವರು ಹೂಂ ಅಂದು ಕುಂತಾರ.”

ಮಾತು ಇಷ್ಟು ನಿಚ್ಚಳವಾಗಿತ್ತು: ಒಂದೋ ಗಿಡ, ಒಂದೋ ಅಜ್ಜ.

ಆ ಗಿಡಗಳು ಬಂದ ಬಗೆಯನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಆಲದ ಮರವೂ ಗಿಡವೇ, ಆದ್ದರಿಂದ ಇದನ್ನೂ ಗಿಡವೆಂದೇ ಕರೆಯುತ್ತೇನೆ. ಎಂಟು ವರ್ಷದ ಹಿಂದೆ ರಾಣೆಬೆನ್ನೂರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಬಕೆಟ್ ತರಲು ಹೋದ ದ್ರಾಕ್ಷಾಯಿಣಿ, ಬಕೆಟ್ ಮರೆತು ಗಿಡ ತಂದಳು. ಅದು ನಡುಮನೆಯಲ್ಲಿ ನಿಂತಿತು. ಮರುವರ್ಷ ಮಲಗುವ ಕೋಣೆಗೊಂದು ಬಂತು. ಆಮೇಲೆ ಪಡಸಾಲೆಗೆ, ಅತ್ತೆಯ ಕೋಣೆಗೆ, ಅಡಿಗೆಮನೆಗೆ, ಮಾಳಿಗೆಯ ಕೋಣೆಗೆ. ಕೊನೆಗೆ ಸ್ಟೋರ್ ರೂಮಿಗೂ ಒಂದು ಬಂದು, ಅದರ ತುದಿಗೆ ನಕ್ಷತ್ರ ಏರಿದಾಗ ಸ್ಟೋರ್ ರೂಮು ಸ್ಟಾರ್ ರೂಮಾಯಿತು. ದೇವರ ಕೋಣೆಗೂ ಬಚ್ಚಲಿಗೂ ಮಾತ್ರ ಗಿಡವಿರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದು ದ್ರಾಕ್ಷಾಯಿಣಿಗೆ ಗೊತ್ತು ಎಂದು ಜನ ಮೆಚ್ಚಿಕೊಂಡರು.

ಅಲಂಕಾರದಲ್ಲಿ ಅವಳು ಯಾರ ಮಾತನ್ನೂ ಕೇಳುವವಳಲ್ಲ. ಮೊದಲ ವರ್ಷ ಗೌರಿ ಹುಣ್ಣಿಮೆಯಲ್ಲಿ ಉಳಿದ ಸಕ್ಕರೆ ಗೊಂಬೆಗಳನ್ನು ದಾರ ಕಟ್ಟಿ ತೂಗುಹಾಕಿದ್ದಳು. ಆನೆ, ತೇರು, ನವಿಲು ಎಲ್ಲ ಬಣ್ಣಬಣ್ಣವಾಗಿ ಚೆನ್ನಾಗಿಯೇ ಕಂಡವು. ಎರಡೇ ದಿನದಲ್ಲಿ ಇರುವೆಗಳು ಇರುವೆವೆಂದು ತೋರಿಸಿಕೊಟ್ಟವು. ಅಂದಿನಿಂದ ಹಸಿರು ಬಳೆ, ಗೆಜ್ಜೆ, ಮದುವೆ ಕಾರ್ಡಿನಿಂದ ಕತ್ತರಿಸಿದ ಗಣಪತಿ, ಅಡಿಗೆಮನೆಯ ಗಿಡಕ್ಕೆ ಚಹಾ ಚಮಚವೂ. ಹಿಮದ ಬದಲು ಹತ್ತಿ. ಹಾವೇರಿ ಜಿಲ್ಲೆಯಲ್ಲಿ ಬಿಳಿಯದು ಬೀಳುವುದಾದರೆ ಅದೊಂದೇ. ಗದಿಗೆವ್ವ ತನ್ನ ಕೋಣೆಯ ಗಿಡಕ್ಕೆ ದೃಷ್ಟಿಯಾಗದಿರಲಿ ಎಂದು ಲಿಂಬೆಹಣ್ಣು ಕಟ್ಟಿದಳು.

ನವೆಂಬರ್ ಕೊನೆಗೆ ಎದ್ದ ಗಿಡಗಳು ಯುಗಾದಿಯವರೆಗೆ ಇಳಿಯುತ್ತಿರಲಿಲ್ಲ. ಬೇವು ಬೆಲ್ಲ ತಿಂದ ಮರುದಿನ ಅವಳು ಏಳನ್ನೂ ಮಡಚಿ, ಹಳೆಯ ಸೀರೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕುತ್ತಿದ್ದಳು.

ಯಾಕೆ ಎಂಬುದಕ್ಕೆ ಊರಿನಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಆಕೆ ಗುಟ್ಟಾಗಿ ಕಿರಿಸ್ತಾನಳಾಗಿದ್ದಾಳೆ ಎಂದು ಎದುರು ಮನೆಯವರು ಹೇಳಿದರು. ಆದರೆ ಶ್ರಾವಣ ಸೋಮವಾರ ಗುಡಿಯಲ್ಲಿ ಅವರಿಗಿಂತ ಮೊದಲು ಅವಳೇ ಇರುತ್ತಿದ್ದಳಾದ್ದರಿಂದ ಆ ಮಾತು ನಿಲ್ಲಲಿಲ್ಲ. “ನನ್ನ ಸೊಸಿಗೆ ತೋಟದ ಆಸೆ. ತೋಟ ಇಲ್ಲ, ಅದಕ್ಕ ಮನ್ಯಾಗ ಹಚ್ಯಾಳ,” ಎಂಬುದು ಗದಿಗೆವ್ವನ ಅಭಿಪ್ರಾಯ. ನನ್ನದು ಕಾನ್ವೆಂಟ್ ಸಿದ್ಧಾಂತ. ದ್ರಾಕ್ಷಾಯಿಣಿ ಅಗಡಿಯವಳು, ದಿನಾ ಬಸ್ಸಿನಲ್ಲಿ ಹಾವೇರಿಯ ಕಾನ್ವೆಂಟಿಗೆ ಬರುತ್ತಿದ್ದಳು. ನಾವಿಬ್ಬರೂ ಒಂದೇ ತರಗತಿ. ಕ್ರಿಸ್ಮಸ್ ನಾಟಕದಲ್ಲಿ ಸಿಸ್ಟರ್ ಫಿಲೋಮಿನಾ ಎತ್ತರದ ಹುಡುಗಿಯೆಂದು ಅವಳಿಗೆ ಹಸಿರು ಕಾಗದ ಸುತ್ತಿ ಮೂರು ವರ್ಷ ಗಿಡವಾಗಿಯೇ ನಿಲ್ಲಿಸಿದರು. ನನ್ನದು ಕುರಿಯ ಪಾತ್ರ. ಕುರಿಗೆ ‘ಬ್ಯಾ’ ಎನ್ನುವ ಮಾತಾದರೂ ಇತ್ತು, ಗಿಡಕ್ಕೆ ಅದೂ ಇರಲಿಲ್ಲ. ಆ ‘ಬ್ಯಾ’ ಮುಂದೆ ಬ್ಯಾಡಗಿಯಾಗಿ ಅವಳ ಪಾಲಿಗೇ ಬಂದದ್ದು ಬೇರೆ ಮಾತು. ಅಂದು ಅಲುಗಾಡದೆ ನಿಂತ ಗಿಡ ಇಂದು ಮನೆಯಲ್ಲೆಲ್ಲ ಚಿಗುರುತ್ತಿದೆ ಎಂದು ನಾನು ನಂಬಿದ್ದೆ. ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಪ್ರಭುಲಿಂಗಪ್ಪನವರಿಗೆ ಕಾರಣ ಬೇಕಿರಲಿಲ್ಲ. ಅವರು ಎಲ್ಲ ದೇವರಿಗೂ ಹೆದರುವ ಮನುಷ್ಯ. ದರ್ಗಾದ ಮುಂದೆ ಸ್ಕೂಟರ್ ನಿಧಾನ ಮಾಡುತ್ತಾರೆ, ಜೈನ ಬಸದಿಯ ಮುಂದೆ ಹಾರ್ನ್ ಬಾರಿಸುವುದಿಲ್ಲ. ಗಿಡ ಬಂದ ಮೊದಲ ದಿನವೇ, “ಯಾರ ದೇವರಾದರೇನು, ದೇವರು ಹೌದಲ್ಲ,” ಎಂದು ಕೈಮುಗಿದಿದ್ದರು. ಗಿಡವಿದ್ದ ಕೋಣೆಗೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಅಲ್ಲಿ ದರದ ಮಾತಾಡುವುದಿಲ್ಲ, ಸರಕು ಇಳಿಸುವುದಿಲ್ಲ, ಫೋನಿನಲ್ಲಿ ಯಾರನ್ನೂ ಬೈಯುವುದಿಲ್ಲ. ಏಳು ಕೋಣೆಗೂ ಗಿಡ ಬಂದ ಮೇಲೆ ಬೈಯಲು ಅಂಗಳಕ್ಕೆ ಬರಬೇಕಾಗುತ್ತಿತ್ತು.

ಕರಬಸಪ್ಪ ಹೋದ ಮೇಲೆ ಅವರು ಹೆಂಡತಿಯ ಮುಂದೆ ನಿಂತರು. “ಇವನ್ನ ಒಂದು ನಾಕು ದಿನ ತಗದಿಡು ಮಾರಾಯ್ತಿ.”

“ತಗೀರಿ. ನಾ ಬ್ಯಾಡ ಅಂದೇನೇನು?” ದ್ರಾಕ್ಷಾಯಿಣಿ ಕೊಂಬೆಯಿಂದ ಸೆರಗು ಬಿಡಿಸಿಕೊಳ್ಳುತ್ತಿದ್ದಳು. “ಆದ್ರ ನೀವ ತಗೀರಿ. ದೇವರ ಸಾಮಾನು. ನಡುವ ಎಬ್ಬಿಸಿ ಏನಾರ ಆದ್ರ ನನ್ನ ಕೇಳಬ್ಯಾಡ್ರಿ.”

ಪ್ರಭುಲಿಂಗಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಒಂದು ಡಜನ್ ಬಾಳೆಹಣ್ಣು ಹಿಡಿದು ರಾಣೆಬೆನ್ನೂರಿಗೆ ಹೋಗಿ ಅಲ್ಲಿನ ಚರ್ಚಿನ ಪಾಸ್ಟರ್ ಯುವರಾಜ ಅವರ ಮುಂದೆ ಕುಳಿತರು.

“ಪಾಸ್ಟರ್ ಸಾಹೇಬ್ರ, ಈ ಗಿಡ ಎಬ್ಬಸೂಮುಂದ ಏನು ಶಾಸ್ತ್ರ ಮಾಡ್ಬೇಕ್ರಿ?”

“ಶಾಸ್ತ್ರ ಏನಿಲ್ರಿ. ಮಡಚಿ ಡಬ್ಬ್ಯಾಗ ಇಡೂದು.”

“ಹಂಗಲ್ರಿ. ಗಣಪತಿನ್ನ ನೀರಾಗ ಬಿಡ್ತೇವಿ. ಇದನ್ನ ಕೆರ್ಯಾಗ ಬಿಡಬೇಕೋ, ಹೊಳ್ಯಾಗೋ?”

ಪಾಸ್ಟರ್ ಗಾಬರಿಯಾದರು. “ಅಯ್ಯೋ, ಪ್ಲಾಸ್ಟಿಕ್ ಐತ್ರಿ ಅದು! ನೀರಾಗ ಬಿಟ್ರ ದಂಡ ಹಾಕ್ತಾರ. ಅದರಾಗ ದೇವರು ಇಲ್ರಿ ಸಾವ್ಕಾರ್ರ, ಬರೇ ಅಲಂಕಾರ. ನಾವು ಜನವರಿ ಆರಕ್ಕ ತಗೀತೇವಿ, ಅದೂ ವಾಡಿಕಿ ಅಷ್ಟ.”

ದೇವರಿಲ್ಲವೆಂಬ ಮಾತು ಪ್ರಭುಲಿಂಗಪ್ಪನವರ ಕಿವಿಯವರೆಗೆ ಬಂದು ನಿಂತಿತು; ಜನವರಿ ಆರು ಎಂಬುದು ನೇರವಾಗಿ ಎದೆಗಿಳಿಯಿತು. ಪಾಸ್ಟರ್ ಸಹಜವಾಗಿ ಕೇಳಿದರು: “ನಿಮ್ಮ ಮನ್ಯಾಗ ಯಾವಾಗ ತಗೀತಾರ್ರಿ?”

“ಯುಗಾದಿಗೆ.”

ಪಾಸ್ಟರ್ ಬೆರಳು ಮಡಚಿ ತಿಂಗಳು ಎಣಿಸಿದರು. ಆಮೇಲೆ, “ನಮ್ಮ ಸಭೆಯಾಗ ಇಂಥಾ ಒಬ್ಬ ಹೆಣಮಗಳು ಇದ್ದಿದ್ರ ನನಗ ಬ್ಯಾರೆ ಏನೂ ಬೇಕಿರಲಿಲ್ರಿ,” ಎಂದು ನಿಟ್ಟುಸಿರು ಬಿಟ್ಟರು.

ಅಜ್ಜನವರ ಭೇಟಿ ಇಪ್ಪತ್ತೆಂಟಕ್ಕೆ, ಗಿಡದ ಅವಧಿ ಆರಕ್ಕೆ. ಮುಹೂರ್ತಕ್ಕೆ ಮೊದಲು ಎಬ್ಬಿಸುವ ಧೈರ್ಯ ಪ್ರಭುಲಿಂಗಪ್ಪನವರಿಗಿರಲಿಲ್ಲ. ಅವರು ಕರಬಸಪ್ಪನವರಿಗೆ ಫೋನ್ ಮಾಡಿ, “ಅಜ್ಜಾರು ಬಂದಾಗ ಒಂದು ಗಿಡಾನೂ ಕಾಣೂದಿಲ್ರಿ,” ಎಂದು ಮಾತು ಕೊಟ್ಟರು. ವ್ಯಾಪಾರಿಗಳು ಮಾತನ್ನು ತೂಗಿ ಕೊಡುತ್ತಾರೆ. ಇರುವುದಿಲ್ಲ ಎಂದು ಅವರು ಹೇಳಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ನಾನೂ ಹೋಗಿದ್ದೆ. ಅಂಗಳದಲ್ಲಿ ರಂಗೋಲಿ, ಬಾಗಿಲಿಗೆ ಮಾವಿನ ಎಲೆ, ಮತ್ತು ಪ್ರತಿ ಕೋಣೆಯ ಮೂಲೆಯಲ್ಲಿ ಬಿಳಿಯ ಧೋತರ ಹೊದ್ದುಕೊಂಡ ಒಂದೊಂದು ಆಕೃತಿ. ಪ್ರಭುಲಿಂಗಪ್ಪ ಬೀರುವಿನಲ್ಲಿದ್ದ ಒಳ್ಳೆಯ ಧೋತರಗಳನ್ನೆಲ್ಲ ಗಿಡಗಳಿಗೆ ಉಡಿಸಿ, ತಾವು ಹಳೆಯದನ್ನು ಉಟ್ಟಿದ್ದರು. ಅಷ್ಟಕ್ಕೇ ನಿಂತಿದ್ದರೆ ನಡೆದುಹೋಗುತ್ತಿತ್ತೇನೋ. ಆದರೆ ಗದಿಗೆವ್ವ, “ಅಜ್ಜಾರು ಬರೂಮುಂದ ದೀಪ ಇಲ್ಲದ ಮನಿ ಏನು ಚಂದ?” ಎಂದು ಕಂಡ ಕಂಡ ಸ್ವಿಚ್ಚು ಒತ್ತಿದಳು. ನಡುಮನೆಯ ಧೋತರದೊಳಗೆ ಕೆಂಪು ಹಸಿರು ದೀಪ ಹೊತ್ತಿ ಆರಿ ಹೊತ್ತತೊಡಗಿದ ಹೊತ್ತಿಗೆ ಅಜ್ಜನವರು ಒಳಗೆ ಕಾಲಿಟ್ಟಾಗಿತ್ತು.

ಪಾದಪೂಜೆ ಮುಗಿಯುವವರೆಗೆ ಆ ಮೂಲೆಯತ್ತ ಯಾರೂ ನೋಡಲಿಲ್ಲ. ಅಷ್ಟು ಜನ ಕೂಡಿ ಒಂದೇ ಕಡೆ ನೋಡದೆ ಇರುವುದನ್ನು ನಾನು ಅದೇ ಮೊದಲು ಕಂಡದ್ದು. ಕರಬಸಪ್ಪ ಧೋತರದ ಮುಂದೆ ಕೈಕಟ್ಟಿ ನಿಂತು ಆದಷ್ಟು ಅಗಲವಾಗಲು ನೋಡುತ್ತಿದ್ದರು. ಅಜ್ಜನವರು ವಿಭೂತಿ ಕೊಟ್ಟು ತಲೆಯೆತ್ತಿದರು.

“ಕರಬಸಪ್ಪ, ನಿನ್ನ ಹಿಂದ ಒಬ್ಬರು ಆವಾಗಿಂದ ನಿಂತಾರಲ್ಲ, ಅವರಿಗೂ ಕುಂದ್ರಾಕ ಹೇಳೋ.”

“ಅವರು... ಅವು ಕುಂದ್ರಾಂಗಿಲ್ರಿ ಅಜ್ಜಾರ.”

“ಯಾಕ, ಮೊಣಕಾಲು ಬ್ಯಾನಿ ಏನು? ಧೋತರ ತಗಿ, ನೋಡೂಣು.”

ಧೋತರ ಬಿತ್ತು. ಹತ್ತಿಯ ಹಿಮ, ಹಸಿರು ಬಳೆ, ಗಣಪತಿ, ತುದಿಯಲ್ಲಿ ನಕ್ಷತ್ರ. ಪ್ರಭುಲಿಂಗಪ್ಪ ಎರಡೂ ಕೈ ಜೋಡಿಸಿದರು. ಗದಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜನವರು ಎದ್ದರು. ಹೊರಟೇಬಿಟ್ಟರು ಎಂದು ಎಲ್ಲರಿಗೂ ಅನಿಸಿತು. ಆದರೆ ಅವರು ಬಾಗಿಲಿನತ್ತ ಹೋಗದೆ ಕೋಣೆಯಿಂದ ಕೋಣೆಗೆ ನಡೆದು, ಮಾಳಿಗೆಯನ್ನೂ ಹತ್ತಿ, ಒಂದೊಂದು ಧೋತರವನ್ನೂ ಎತ್ತಿ ನೋಡಿ, ತಿರುಗಿ ಬಂದು ಮಣೆಯ ಮೇಲೆ ಕುಳಿತರು. ಮೂಗು ತುಂಬ ಗಾಳಿ ಎಳೆದುಕೊಂಡರು.

“ನಾ ಬ್ಯಾಡಗಿಗೆ ಮೂವತ್ತು ವರ್ಷದಿಂದ ಬರಾಕತ್ತೇನಿ. ಸುಗ್ಗ್ಯಾಗ ಯಾರ ಮನಿಗೆ ಹೋದ್ರೂ ಮಂತ್ರಕ್ಕಿಂತ ಸೀನು ಹೆಚ್ಚು. ಕೆಮ್ಮದ, ಸೀನದ ನಾ ಪೂಜಿ ಮುಗಿಸಿದ ಮನಿ ಇದ ಮೊದಲ್ನೇದು ನೋಡ್ರಿ.”

“ಗಿಡದ ಮಹಿಮಾ ಇರಬೇಕ್ರಿ ಅಜ್ಜಾರ!” ಕರಬಸಪ್ಪ ಆಗಲೇ ಧೋತರ ಮಡಚಿ ಬಗಲಿಗಿಟ್ಟುಕೊಂಡಿದ್ದರು. “ನಾ ಮೊದಲ ಹೇಳಿದ್ದೆ, ಈ ಗಿಡದಾಗ ಏನೋ ಐತಿ ಅಂತ.”

ಹಿಮವಿಲ್ಲದ ಊರಿಗೆ ಮಹಿಮೆ ಬಂದಿಳಿಯಿತು. ಎದುರು ಮನೆಯ ಹೆಂಗಸು ಕೊಂಬೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು ಸಾಲು ನಿಂತರು. ಪ್ರಭುಲಿಂಗಪ್ಪನವರ ಮುಖದಲ್ಲಿ, ಆವತ್ತೇ ಕೈಮುಗಿದದ್ದು ನಾನೇ ಎಂಬ ಕಳೆ ಬಂತು.

ಅಜ್ಜನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ದ್ರಾಕ್ಷಾಯಿಣಿಯನ್ನು ಹತ್ತಿರ ಕರೆದರು. “ನೀ ಹೇಳು ತಾಯಿ. ಮನಿ ತುಂಬ ಈ ಗಿಡ ಯಾಕ ಇಟ್ಟಿ?”

ಸಿಸ್ಟರ್ ಫಿಲೋಮಿನಾ ಹೆಸರು ಈಗ ಬರುತ್ತದೆ ಎಂದು ನಾನು ಅಕ್ಕಪಕ್ಕದವರನ್ನು ನೋಡಿದೆ. ದ್ರಾಕ್ಷಾಯಿಣಿ ಗಂಡನತ್ತ ಒಮ್ಮೆ ಕಣ್ಣು ಹಾಯಿಸಿ, ಸೆರಗು ಸರಿಮಾಡಿಕೊಂಡಳು.

“ಮತ್ತೇನಿಲ್ರಿ ಅಜ್ಜಾರ. ಗಿಡ ಇಡಲಿಲ್ಲಂದ್ರ ಯುಗಾದಿಗೆ ಸುಗ್ಗಿ ಮುಗಿಯೂತನಕ ಆ ಜಾಗಾದಾಗ ಇವರು ಮೆಣಸಿನಕಾಯಿ ಚೀಲ ತಂದು ಒಟ್ಟತಾರ್ರಿ.”