ಮುಯ್ಯಿಗೆ ಹೋಗಿ ಬಂದ ಟ್ರ್ಯಾಕ್ಟರ್

ನಮ್ಮ ಹಳೇ ಟ್ರ್ಯಾಕ್ಟರು ಕಟಕಟ ಅನ್ನಲು ಶುರು ಮಾಡಿದ್ದು ಅದು ಮೇಲಿನ ತೋಟದಿಂದ ವಾಪಸು ಬಂದ ಮೂರನೇ ದಿನ. ಬಂದಾಗ ಮದುವಣಗಿತ್ತಿಯ ಹಾಗಿತ್ತು. ಮಡ್‌ಗಾರ್ಡಿನ ಸಂದಿಯ ಕೆಸರನ್ನೂ ಬಿಡದೆ ತೊಳೆದಿದ್ದರು, ಟ್ಯಾಂಕಿನ ಬಾಯಿತನಕ ಡೀಸೆಲ್ ತುಂಬಿಸಿದ್ದರು. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ತೊಳೆದು ಕಳಿಸಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಪಟ್ಟೆ.

ಗೋಣಿಬೀಡಿನಿಂದ ಸ್ವಲ್ಪ ಒಳಕ್ಕೆ ನಮ್ಮದು ಐದೆಕರೆ ಕಾಫಿ ತೋಟ. ಯಜಮಾನರು ಶಾಲೆ ಮೇಷ್ಟ್ರು. ಪುಸ್ತಕದಲ್ಲಿ ಯಂತ್ರದ ಚಿತ್ರ ಕಂಡರೂ ಪುಟ ಮಗುಚುವವರು. ಹಾಗಾಗಿ ಟ್ರ್ಯಾಕ್ಟರು ನನ್ನ ಪಾಲಿಗೆ ಬಂತು. ಓಡಿಸಲು ಕಲಿಸಿದವರು ಮೇಲಿನ ತೋಟದವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತೇನೆ. ನಮ್ಮೆರಡು ಮನೆಗೂ ಮೊದಲಿಂದ ಮುಯ್ಯಿಯ ಬಳಕೆ. ಅವರ ಕಾಫಿ ಹಣ್ಣಾದರೆ ನಮ್ಮ ಮನೆಯವರು ಅಲ್ಲಿ ಕುಯ್ಯಬೇಕು, ನಮ್ಮದು ಹಣ್ಣಾದರೆ ಅವರ ಮನೆಯವರು ಇಲ್ಲಿ. ನಮ್ಮ ಟ್ರ್ಯಾಕ್ಟರು ಅವರಿಗೆ, ಅವರ ಸ್ಪ್ರೇ ಪಂಪು ನಮಗೆ. ಮುಯ್ಯಿಗೆ ಹೋಗಿ ಬಂದದ್ದನ್ನು ತಿರುವಿ ಮುರುವಿ ನೋಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಆದ್ದರಿಂದ ಅಂದು ಇಂಜಿನ್ನಿನ ಆಯಿಲನ್ನೂ ನಾನು ನೋಡಲಿಲ್ಲ.

ಇಂಜಿನ್ನಿನ ಕಾಯಿಲೆ ಹಿಡಿಯುವುದರಲ್ಲಿ ಅಣ್ಣನ ಕಿವಿ ಸುತ್ತ ನಾಲ್ಕೂರಿಗೆ ಹೆಸರುವಾಸಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ನನಗೂ ಅದನ್ನು ಕಲಿಸಿದ್ದರು. ಮೇಲಿನಿಂದ ಚಿಟಿಚಿಟಿ ಬಂದರೆ ಇಂಜೆಕ್ಟರು ಇಲ್ಲವೇ ವಾಲ್ವು. ಬುಡದಿಂದ ಗುದ್ದಿದಂತೆ ಬಂದರೆ ಬೇರಿಂಗು. ಅದು ಕೇಳಿದ ಮೇಲೆ ಒಂದು ಗಳಿಗೆಯೂ ಓಡಿಸಬಾರದು. ಅವರ ಇನ್ನೊಂದು ಪಾಠ ಊರಿಗೆಲ್ಲ ಗೊತ್ತು: ಕಡಿದಾದ ಏರಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿ ಪಂಪು ಓಡಿಸಬೇಡಿ, ಆಯಿಲೆಲ್ಲ ಒಂದು ಕಡೆಗೆ ಹರಿದು ಬೇರಿಂಗು ಒಣಗಿಹೋಗುತ್ತದೆ. ಈ ಗುಡ್ಡದಲ್ಲಿ ಆ ತಪ್ಪು ಮಾಡಿ ಇಂಜಿನ್ ಕಳೆದುಕೊಂಡವರನ್ನು ಅವರು ಬೈಯದೆ ಬಿಟ್ಟದ್ದಿಲ್ಲ.

ಶಬ್ದ ಬಂದ ಕೂಡಲೇ ನಾನು ಕರೆದದ್ದು ಅವರನ್ನೇ. ಬಂದರು, ಸ್ಕ್ರೂಡ್ರೈವರ್ ಇಟ್ಟು ಕೇಳಿದರು, ಕಾಫಿ ಕುಡಿದರು.

"ಇಂಜೆಕ್ಟರ್ ಮಾರಾಯ್ತಿ, ಬೇರೇನಿಲ್ಲ. ಮೂಡಿಗೆರೆಗೆ ಹೋದಾಗ ಸರ್ವಿಸ್ ಮಾಡ್ಸು. ಅಲ್ಲೀತಂಕ ಓಡ್ಸು, ಏನೂ ಆಗಲ್ಲ."

ಮಳೆ ಹಿಡಿಯುವುದರೊಳಗೆ ನನ್ನ ತೋಟಕ್ಕೂ ಕೊಳೆರೋಗದ ಬೋರ್ಡೋ ಔಷಧಿ ಹೊಡೆದು ಮುಗಿಸಬೇಕಿತ್ತು. ಓಡಿಸಿದೆ. ಎರಡು ದಿನ ಬಿಟ್ಟು ಇಂಜೆಕ್ಟರುಗಳನ್ನು ಬಿಚ್ಚಿ ಮೂಡಿಗೆರೆಗೆ ಹೊತ್ತೊಯ್ದೆ. ಪರೀಕ್ಷೆ ಮಾಡಿದವನು ಮೂರೂ ಚೆನ್ನಾಗಿವೆ ಎಂದ. ನಾನು ಅವನ ಮೇಲೆಯೇ ರೇಗಿದೆ. ಅಣ್ಣ ಹೇಳಿದ ಮೇಲೆ ಇವನ್ಯಾವನು? ವಾಪಸು ಬಂದು ಹಾಕಿ ಮತ್ತೆ ಎರಡು ದಿನ ಓಡಿಸಿದೆ.

ಶಬ್ದ ಶುರುವಾದ ಐದನೇ ದಿನ ಕಟಕಟ ಪಂಪಿನ ಸದ್ದನ್ನೂ ಮೀರಿತು. ಇನ್ನು ನಾನೇ ನೋಡುತ್ತೇನೆ ಎಂದು ಕೂತೆ. ಇಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರಿಗೆ ಹೋಗುವ ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿ ಮಾಡಿದೆ. ಎರಡನೆಯದನ್ನು ಸಡಿಲಿಸಿದಾಗ ಶಬ್ದ ತಗ್ಗಿತು. ದೋಷ ಇದ್ದದ್ದು ಎರಡನೇ ಸಿಲಿಂಡರಿನಲ್ಲಿ. ಸ್ಕ್ರೂಡ್ರೈವರನ್ನು ಅದರ ಬುಡಕ್ಕೆ ಒತ್ತಿದೆ. ಗುದ್ದು ದವಡೆಯವರೆಗೆ ಬಂತು. ಆಗ ನೆನಪಾಯಿತು, ಅಣ್ಣ ಅಂದು ಸ್ಕ್ರೂಡ್ರೈವರನ್ನು ಬುಡಕ್ಕೆ ಇಟ್ಟಿರಲೇ ಇಲ್ಲ.

ಇಂಜಿನ್ ಆರಿಸಿ ಆಯಿಲ್ ನೋಡುವ ಕಡ್ಡಿ ಎಳೆದೆ. ಆಯಿಲು ಜೋನಿಬೆಲ್ಲದಷ್ಟು ಮಂದವಾಗಿತ್ತು. ಮೂಗಿಗೆ ಹಿಡಿದರೆ ಗೇರ್ ಆಯಿಲಿನ ಘಾಟು. ಕೆಟ್ಟ ಇಂಜಿನ್ನಿನ ಗುದ್ದು ಎರಡು ದಿನ ಕೇಳಿಸದಿರಲಿ ಎಂದು ಮಂದದ ಗೇರ್ ಆಯಿಲ್ ಬೆರೆಸುವುದು ಹಳೇ ಗಾಡಿ ಮಾರುವ ದಲ್ಲಾಳಿಗಳು ಮಾಡುವ ಕೆಲಸ. ಟ್ರ್ಯಾಕ್ಟರನ್ನು ಮುಯ್ಯಿಗೆ ಕಳಿಸುವ ಹಿಂದಿನ ದಿನ ಹೊಸ ಇಂಜಿನ್ ಆಯಿಲ್ ಹಾಕಿದ್ದವಳು ನಾನೇ. ನಡುವೆ ಅದು ಇದ್ದದ್ದು ಒಂದೇ ಮನೆಯಲ್ಲಿ.

ಮೇಲಿನ ತೋಟಕ್ಕೆ ಹತ್ತಿದೆ. ನಡುದಾರಿಯ ಕಡಿದಾದ ಏರಿನಲ್ಲಿ ಟಯರಿಗೆ ಅಡ್ಡ ಕೊಟ್ಟ ಎರಡು ಕಲ್ಲು ಹಾಗೇ ಬಿದ್ದಿದ್ದವು, ಪಕ್ಕದಲ್ಲಿ ಬೋರ್ಡೋ ಡ್ರಮ್ಮು ಇಟ್ಟ ನೀಲಿ ಗುಂಡು ಗುರುತು. ಅಲ್ಲಿ ನಿಲ್ಲಿಸಿದರೆ ಪೈಪು ತೋಟದ ತಲೆತನಕ ಮುಟ್ಟುತ್ತದೆ, ಡ್ರಮ್ಮು ಹೊರುವುದು ತಪ್ಪುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಣ್ಣ ಅಂಗಳದಲ್ಲಿದ್ದರು. "ಬನ್ನಿ, ಇನ್ನೊಂದ್ಸಲ ಕೇಳಿ ಹೇಳಿ" ಎಂದೆ, ಅಷ್ಟೇ. ಹಿಂದೆಯೇ ಇಳಿದು ಬಂದರು. ಶೆಡ್ಡಿನಲ್ಲಿ ಇಂಜಿನ್ ಚಾಲೂ ಮಾಡಿ ಸ್ಕ್ರೂಡ್ರೈವರ್ ಕೈಗೆ ಕೊಟ್ಟೆ. ಮತ್ತೆ ಮೇಲೆಯೇ ಇಟ್ಟು ಕಣ್ಣು ಮುಚ್ಚಿದರು.

"ಬುಡಕ್ಕಿಟ್ಟು ಕೇಳಿ ಅಣ್ಣ" ಎಂದೆ.

ಅವರ ಕೈ ಕದಲಲಿಲ್ಲ. ಆ ಗುದ್ದು ಕೇಳಲಾರದೆ ನಾನೇ ಇಂಜಿನ್ ಆರಿಸಿದೆ.

"ಏರಲ್ಲಿ ನಿಲ್ಸಿದ್ರಾ?"

"ಎರಡು ಗಂಟೆ ಕೆಲ್ಸ, ಏನಾಗುತ್ತೆ ಅಂತ ನಿಲ್ಸಿದೆ ಮಾರಾಯ್ತಿ. ಆಮೇಲೆ ಶಬ್ದ ಬಂತು."

"ಆಗಿದ್ದು ಆಯ್ತು. ನಾನು ಕರೆದಾಗ ಹೇಳ್ಬೋದಿತ್ತಲ್ಲ?"

"ಊರಿಗೆಲ್ಲ ಬುದ್ಧಿ ಹೇಳಿದೋನು ನಾನು. ನಿಂಗೆ ಹೆಂಗೆ ಹೇಳ್ಲಿ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಏರಿನಲ್ಲಿ ನಿಲ್ಲಿಸಿದ್ದನ್ನು ಬೇಕಾದರೆ ಮರೆತೇನು, ತಪ್ಪು ಯಾರಿಗೂ ಆಗುತ್ತದೆ. ಆದರೆ ನನ್ನ ಶೆಡ್ಡಿನಲ್ಲಿ ನಿಂತು, ನಾನು ಕೊಟ್ಟ ಕಾಫಿ ಕುಡಿದು, ಗೊತ್ತಿದ್ದೂ ಗೊತ್ತಿದ್ದೂ "ಓಡ್ಸು" ಎಂದರಲ್ಲ! ಅಂದೇ ನಿಲ್ಲಿಸಿದ್ದರೆ ಬೇರಿಂಗು ಬದಲಿಸಿದರೆ ಸಾಕಾಗುತ್ತಿತ್ತು, ಈಗ ಅದರಲ್ಲಿ ತಿರುಗುವ ಕ್ರ್ಯಾಂಕೂ ಸವೆದುಹೋಗಿದೆ ಎಂದು ಆಲ್ದೂರಿನ ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ರಿಪೇರಿ ತಾವೇ ಮಾಡಿಸಿಕೊಡುವುದಾಗಿ ಹೇಳಿಕೊಂಡು ಅಣ್ಣ ಬಂದರು. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಮಾಡಿಸಿಕೊಂಡೆ.

ಆ ವರ್ಷ ಕುಯ್ಲಿಗೆ ಅವರ ಮನೆಯವರು ಬರಲಿಲ್ಲ, ನಾವೂ ಹೋಗಲಿಲ್ಲ. ಮುಯ್ಯಿ ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಟ್ರ್ಯಾಕ್ಟರು ಈಗ ಚೆನ್ನಾಗಿ ಓಡುತ್ತದೆ. ಮೊನ್ನೆ ಇಂಜಿನ್ನಿನಲ್ಲಿ ಸಣ್ಣದೊಂದು ಹೊಸ ಶಬ್ದ ಬಂತು. ಗಾಬರಿಯಲ್ಲಿ ಕೈ ತಾನಾಗಿಯೇ ಫೋನಿಗೆ ಹೋಗಿ, ಅಣ್ಣನ ನಂಬರಿನವರೆಗೂ ಹೋಯಿತು. ಆಮೇಲೆ ಫೋನನ್ನು ಸೀಟಿನ ಮೇಲಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅವರೇ ಕಲಿಸಿದಂತೆ ಕಿವಿಗಿಟ್ಟು ಕಣ್ಣು ಮುಚ್ಚಿದೆ. ಮೊದಲು ಬುಡಕ್ಕೆ ಇಟ್ಟೆ.